8×42, 10×42, 10×50: ಕನ್ನಡಕ ಹಾಕುವವರಿಗೆ ಯಾವ ಬೈನಾಕ್ಯುಲರ್? ಸ್ಪೆಕ್ ಪಟ್ಟಿಯಲ್ಲಿ ನಿಜಕ್ಕೂ ನೋಡಬೇಕಾದ್ದೇನು?

ಗೀಜಗ:

ಹಕ್ಕಿ ನೋಡೋಕೆ ಮೊದಲ ಬೈನಾಕ್ಯುಲರ್ ತಗೊಳ್ಳಬೇಕು ಅಂತಿದ್ದೀನಿ. ಮೂರನ್ನು ಆರಿಸಿ ಇಟ್ಟುಕೊಂಡಿದ್ದೀನಿ: ರೂಫ್ ಪ್ರಿಸಂನ (ನೇರ ಕೊಳವೆಯ) 8×42, ಅಂದರೆ 8 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಇರುವಂಥದ್ದು, ಅದೇ ಸರಣಿಯ 10×42, ಮತ್ತೆ ಪೊರೊ ಪ್ರಿಸಂನ (ಕೊಳವೆ ಮೆಟ್ಟಿಲಿನ ಹಾಗೆ ಮುರಿದಿರುವ) ಒಂದು 10×50. ಮೂರರ ಸ್ಪೆಕ್ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದಷ್ಟೂ ಗೊಂದಲ ಹೆಚ್ಚಾಗ್ತಿದೆ.

ಬಳಕೆ ಹೆಚ್ಚಾಗಿ ಬೆಳಗಿನ ಜಾವ ಮತ್ತು ಸಂಜೆ, ಮರಗಳ ನಡುವೆ. ಆಗೊಮ್ಮೆ ಈಗೊಮ್ಮೆ ಕೆರೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಚಂದ್ರ, ನಕ್ಷತ್ರಗುಚ್ಛಗಳನ್ನೂ ನೋಡುವ ಆಸೆ. ಕನ್ನಡಕ ಇದೆ: ಎರಡೂ ಕಣ್ಣಿಗೆ ಸುಮಾರು −3.5, ಜೊತೆಗೆ ಸಿಲಿಂಡರ್ (ಒಂದು ದಿಕ್ಕಿನಲ್ಲಿ ಮಾತ್ರ ಬರುವ ಮಸುಕನ್ನು ಸರಿಪಡಿಸುವ ಪವರ್) −1.25.

ಗೊತ್ತಾಗಬೇಕಾದ್ದು ಇಷ್ಟು. ಕನ್ನಡಕ ಹಾಕಿಕೊಂಡೇ ನೋಡಬೇಕಾ, ತೆಗೆದು ನೋಡಬಹುದಾ? 8ಕ್ಕಿಂತ 10 ಮೇಲಲ್ವಾ, ಹಾಗಿದ್ದರೆ ಬಹಳ ಜನ 8 ಅಂತಲೇ ಯಾಕೆ ಹೇಳ್ತಾರೆ? ಬ್ಯಾಕ್-4, ಫುಲಿ ಮಲ್ಟಿಕೋಟೆಡ್, ಫೇಸ್ ಕೋಟಿಂಗ್, ಟ್ವಿಲೈಟ್ ಫ್ಯಾಕ್ಟರ್, ಇವುಗಳಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣೋದು ಯಾವುದು, ಬರೀ ಡಬ್ಬಿಯ ಮೇಲಿನ ಅಲಂಕಾರ ಯಾವುದು?

ಮರಕುಟಿಗ:

ಕನ್ನಡಕದಿಂದಲೇ ಶುರು ಮಾಡೋಣ, ಯಾಕಂದ್ರೆ ನಿಮ್ಮ ಆಯ್ಕೆಯ ಅರ್ಧ ಅಲ್ಲೇ ತೀರ್ಮಾನ ಆಗುತ್ತೆ.

ಬರೀ −3.5 ಇದ್ದಿದ್ದರೆ ಕನ್ನಡಕ ತೆಗೆದು ಫೋಕಸ್ ಚಕ್ರ ತಿರುಗಿಸಿ ಸರಿ ಮಾಡ್ಕೋಬಹುದಿತ್ತು. ಅದಕ್ಕೂ ಚಕ್ರ ಅನಂತದ ಗುರುತಿನಿಂದ ಆಚೆಗೆ ಇನ್ನಷ್ಟು ತಿರುಗುವ ಜಾಗ ಇರಬೇಕು. ಕೆಲವು ಮಾದರಿಗಳಲ್ಲಿ ಆ ಜಾಗ ಸಾಲದೆ, ಸಮೀಪದೃಷ್ಟಿ ಇರುವವರಿಗೆ ದೂರದ್ದು ಯಾವತ್ತೂ ಚೂಪಾಗೋದೇ ಇಲ್ಲ. ಆದರೆ ನಿಮ್ಮ ವಿಷಯದಲ್ಲಿ ತೊಡಕು ಸಿಲಿಂಡರ್. ಬೈನಾಕ್ಯುಲರ್‌ನ ಫೋಕಸ್ ಸರಿಪಡಿಸೋದು ಗೋಳ ಪವರ್ ಮಾತ್ರ, ಸಿಲಿಂಡರನ್ನು ಅದು ಮುಟ್ಟೋದಿಲ್ಲ. ಮಟಮಟ ಮಧ್ಯಾಹ್ನ ಕಣ್ಣಿನ ಪಾಪೆ 2–3 ಮಿ.ಮೀ.ಗೆ ಕಿರಿದಾಗಿರುತ್ತೆ, ಆಗ −1.25 ಅಷ್ಟಾಗಿ ಗೊತ್ತಾಗದೆ ಹೋಗಬಹುದು. ಸಂಜೆ ಪಾಪೆ ಹಿಗ್ಗಿದಾಗ ಗರಿಯ ಅಂಚು ಮಸುಕಾಗುತ್ತೆ, ರಾತ್ರಿ ನಕ್ಷತ್ರ ಚುಕ್ಕೆಯಾಗಿ ನಿಲ್ಲದೆ ಗೀಟಾಗಿ ಎಳೆದುಕೊಳ್ಳುತ್ತೆ. ನಿಮ್ಮ ಬಳಕೆ ಆ ಎರಡು ಹೊತ್ತಿನದೇ. ಹಾಗಾಗಿ ಕನ್ನಡಕ ಹಾಕಿಕೊಂಡೇ ನೋಡಿ.

ಹಾಗಂದ ಮೇಲೆ ಪಟ್ಟಿಯಲ್ಲಿ ಮೊದಲು ನೋಡಬೇಕಾದ ಸಾಲು ಐ ರಿಲೀಫ್. ಐಪೀಸ್ (ಕಣ್ಣಿನ ಕಡೆಯ) ಗಾಜಿನಿಂದ ಎಷ್ಟು ದೂರದಲ್ಲಿ ಕಣ್ಣಿಟ್ಟರೆ ಪೂರ್ತಿ ವೃತ್ತ ಕಾಣುತ್ತೆ ಅನ್ನುವ ಅಳತೆ ಅದು. ಕನ್ನಡಕದ ಗಾಜು ಸಾಮಾನ್ಯವಾಗಿ ಕಣ್ಣಿನಿಂದ 12–14 ಮಿ.ಮೀ. ಮುಂದಿರುತ್ತೆ. ಐ ರಿಲೀಫ್ 15ಕ್ಕಿಂತ ಕಡಿಮೆ ಇದ್ದರೆ ವೃತ್ತದ ಅಂಚು ಕತ್ತರಿಸಿ ಹೋಗುತ್ತೆ, ಕೊಳವೆಯಲ್ಲಿ ಇಣುಕಿದ ಹಾಗೆ. 16–18 ಇದ್ದರೆ ಆರಾಮ.

ಇಲ್ಲೊಂದು ಮೋಸದ ಜಾಗ ಇದೆ. ಪಟ್ಟಿಯ ಅಂಕಿಯನ್ನು ಗಾಜಿನ ಮೇಲ್ಮೈಯಿಂದ ಅಳೆದಿರ್ತಾರೆ. ಆದರೆ ಗಾಜು, ಅದರ ಸುತ್ತಲಿನ ಬಳೆಯಾದ ಐಕಪ್‌ನ ಅಂಚಿಗಿಂತ 2–4 ಮಿ.ಮೀ. ಒಳಗೆ ಕೂತಿರುತ್ತೆ. ಅಂದರೆ 17 ಅಂತ ಬರೆದದ್ದು ನಿಮ್ಮ ಕನ್ನಡಕಕ್ಕೆ ಸಿಗೋದು 13–15. ಒಂದೇ ಅಂಕಿ ಇರುವ ಎರಡು ಮಾದರಿಯಲ್ಲಿ ಒಂದು ಒಗ್ಗಿ ಇನ್ನೊಂದು ಒಗ್ಗದಿರಲು ಕಾರಣ ಇದೇ. ನಿಜವಾದ ಅಳತೆ ತೆಗೆಯೋದು ಸುಲಭ: ಐಕಪ್‌ಗಳನ್ನು ಪೂರ್ತಿ ಒಳಗೆ ತಿರುಗಿಸಿ, ಬೈನಾಕ್ಯುಲರನ್ನು ಬೆಳಕಿರುವ ಗೋಡೆಗೆ ತಿರುಗಿಸಿ ಇಡಿ. ಐಪೀಸ್ ಹಿಂದೆ ತೆಳು ಬಿಳಿ ಹಾಳೆ ಹಿಡಿದು ಹಿಂದೆ ಮುಂದೆ ಸರಿಸಿ. ಬೆಳಕಿನ ವೃತ್ತದ ಅಂಚು ಅತಿ ಚೂಪಾಗುವ ಜಾಗದಲ್ಲಿ ನಿಲ್ಲಿಸಿ, ಐಕಪ್‌ನ ಅಂಚಿನಿಂದ ಹಾಳೆವರೆಗೆ ಸ್ಕೇಲ್ ಇಟ್ಟು ಅಳೆಯಿರಿ. ನಿಮ್ಮ ಪಾಲಿಗೆ ಬರೋದು ಆ ಅಂಕಿಯೇ.

10×50 ಅನ್ನುವ ಅಂಕಿ ಒಂದೇ ಇದ್ದರೂ ಐ ರಿಲೀಫಿನಲ್ಲಿ ಎಷ್ಟು ಅಂತರ ಬರಬಹುದು ಅನ್ನೋದಕ್ಕೆ ನಿಕಾನ್‌ನ ಎರಡು ಪೊರೊ 10×50 ನೋಡಿ. ಅಕ್ಯುಲಾನ್ ಎ211 ಮತ್ತು ಆ್ಯಕ್ಷನ್ ಇಎಕ್ಸ್, ಎರಡರ ಫೀಲ್ಡ್ ಆಫ್ ವ್ಯೂ (ಒಮ್ಮೆಗೆ ಕಾಣುವ ಅಗಲ) ಕೂಡ 6.5 ಡಿಗ್ರಿಯೇ. ಐ ರಿಲೀಫ್ ಮಾತ್ರ ಮೊದಲನೆಯದಕ್ಕೆ 11.8, ಎರಡನೆಯದಕ್ಕೆ 17.2 ಮಿ.ಮೀ. ಮೊದಲನೆಯದಕ್ಕೆ ನೀರಿನ ರಕ್ಷಣೆಯೂ ಇಲ್ಲ. ನಿಮ್ಮ ಪಟ್ಟಿಯ 10×50 ಯಾವುದು ಅಂತ ಹೇಳಿಲ್ಲ. 12ರ ಆಸುಪಾಸಿನದ್ದಾದರೆ ಈಗಲೇ ಬಿಟ್ಟುಬಿಡಿ.

ಮಿಂಚುಳ್ಳಿ:

8ಕ್ಕಿಂತ 10 ಮೇಲಾ ಅನ್ನುವ ಪ್ರಶ್ನೆಗೆ ಬರ್ತೀನಿ. ಹಿಗ್ಗಿಸುವ ಪವರ್ ಹೆಚ್ಚಿಸಿದರೆ ಹಕ್ಕಿ ದೊಡ್ಡದಾಗುತ್ತೆ, ನಿಜ. ಅದಕ್ಕೆ ಪ್ರತಿಯಾಗಿ ನಾಲ್ಕು ಕಳ್ಕೋತೀರಿ.

ಒಂದು, ಫೀಲ್ಡ್ ಆಫ್ ವ್ಯೂ. ಒಳ್ಳೆಯ 8×42ರಲ್ಲಿ 1000 ಮೀಟರ್ ದೂರದಲ್ಲಿ 130ರಿಂದ 145 ಮೀಟರ್ ಅಗಲ ಕಾಣುತ್ತೆ, 10×42ರಲ್ಲಿ 105ರಿಂದ 120. ಇದನ್ನು ಮರದ ದೂರಕ್ಕೆ ಇಳಿಸಿ ನೋಡಿ. 20 ಮೀಟರ್ ಆಚೆಯ ಕೊಂಬೆಯಲ್ಲಿ 143ರ ಫೀಲ್ಡ್ ಸುಮಾರು 2.9 ಮೀಟರ್ ಅಗಲ ತೋರಿಸಿದರೆ 105ರದ್ದು 2.1 ಮೀಟರ್. ಎಲೆಗಳ ನಡುವೆ ಜಿಗಿದಾಡುವ ಸಣ್ಣ ಹಕ್ಕಿಯನ್ನು ಹುಡುಕುವಾಗ ಈ ಮುಕ್ಕಾಲು ಮೀಟರ್ ದೊಡ್ಡ ವಿಷಯ. ಪಟ್ಟಿಯಲ್ಲಿ ಡಿಗ್ರಿ ಕೊಟ್ಟಿದ್ದರೆ 17.5ರಿಂದ ಗುಣಿಸಿ, 1000 ಗಜಕ್ಕೆ ಇಷ್ಟು ಅಡಿ ಅಂತಿದ್ದರೆ 3ರಿಂದ ಭಾಗಿಸಿ. ಎರಡೂ ದಾರಿಯಲ್ಲಿ 1000 ಮೀಟರಿನ ಲೆಕ್ಕ ಬಂದುಬಿಡುತ್ತೆ.

8×42 ಅಂದಮಾತ್ರಕ್ಕೆ ಫೀಲ್ಡ್ ಅಗಲ ಅಂತಲೂ ಅಲ್ಲ. ನಿಕಾನ್ ಮೊನಾರ್ಕ್ ಎಂ7 8×42ರದ್ದು 8.3 ಡಿಗ್ರಿ, ಅದೇ ಕಂಪನಿಯ ಎಂ5 8×42ರದ್ದು 6.4. ಆದರೆ ಐ ರಿಲೀಫ್ ಎಂ5ರದ್ದೇ ಹೆಚ್ಚು, 19.5, ಎಂ7ರದ್ದು 17.1. ಫೀಲ್ಡ್ ಅಗಲ ಮಾಡಿದಾಗ ಐ ರಿಲೀಫ್ ಉಳಿಸಿಕೊಳ್ಳೋದು ಕಷ್ಟ, ಅದಕ್ಕೆ ಐಪೀಸ್ ಗಾಜು ದೊಡ್ಡದಾಗಬೇಕು. ಈ ಎರಡು ಸಾಲನ್ನು ಯಾವಾಗಲೂ ಜೊತೆಗೇ ಓದಿ.

ಎರಡು, ಕೈನಡುಕ. ಅದೂ 8 ಪಟ್ಟೋ 10 ಪಟ್ಟೋ ಹಿಗ್ಗಿಯೇ ಕಾಣುತ್ತೆ. ಬಹಳ ಜನಕ್ಕೆ ಕೈಯಲ್ಲಿ ಹಿಡಿದು ನೋಡಲು 10 ಕೊನೆಯ ಮಿತಿ. 12ರಿಂದ ಮೇಲಕ್ಕೆ ಟ್ರೈಪಾಡ್ ಇಲ್ಲದಿದ್ದರೆ ಹೆಚ್ಚಿನ ಪವರ್‌ನ ಲಾಭ ನಡುಕದಲ್ಲೇ ಕಳೆದುಹೋಗುತ್ತೆ.

ಮೂರು, ಫೋಕಸ್‌ನ ಆಳ. ಅದು ಪವರ್‌ನ ವರ್ಗದಂತೆ ಕಡಿಮೆಯಾಗುತ್ತೆ. 8×ನಲ್ಲಿ 10×ಗಿಂತ ಸುಮಾರು ಒಂದೂವರೆ ಪಟ್ಟು ಆಳ ಸಿಗುತ್ತೆ, ಹಕ್ಕಿ ಹಿಂದೆ ಮುಂದೆ ಕುಪ್ಪಳಿಸಿದಾಗೆಲ್ಲ ಚಕ್ರ ತಿರುಗಿಸ್ತಾ ಇರಬೇಕಾಗಿಲ್ಲ. ಈ ಅಂಕಿ ಯಾವ ಸ್ಪೆಕ್ ಪಟ್ಟಿಯಲ್ಲೂ ಇರೋದಿಲ್ಲ, ಕಾಡಿನಲ್ಲಿ ಮಾತ್ರ ಪ್ರತಿ ನಿಮಿಷವೂ ಕಾಣುತ್ತೆ.

ನಾಲ್ಕು, ಎಕ್ಸಿಟ್ ಪ್ಯೂಪಿಲ್. ಮುಂದಿನ ಗಾಜಿನ ವ್ಯಾಸವನ್ನು ಪವರ್‌ನಿಂದ ಭಾಗಿಸಿ: 8×42ಕ್ಕೆ 5.25 ಮಿ.ಮೀ., 10×42ಕ್ಕೆ 4.2, 10×50ಕ್ಕೆ 5. ನಿಮ್ಮ ಕಣ್ಣಿಗೆ ತಲುಪುವ ಬೆಳಕಿನ ಕಂಬದ ದಪ್ಪ ಇದು. ಹಗಲಲ್ಲಿ ಮೂರೂ ಒಂದೇ, ಕಣ್ಣೇ 3 ಮಿ.ಮೀ.ಗಿಂತ ಹೆಚ್ಚು ತೆಗೆದುಕೊಳ್ಳೋದಿಲ್ಲ. ನಸುಕಿನಲ್ಲಿ 4.2ಕ್ಕೂ 5.25ಕ್ಕೂ ವ್ಯತ್ಯಾಸ ಕಾಣುತ್ತೆ. ಕತ್ತಲಲ್ಲಿ ಎಳೆಯರ ಪಾಪೆ 7 ಮಿ.ಮೀ.ವರೆಗೂ ಹಿಗ್ಗಬಹುದು, ವಯಸ್ಸಾದಂತೆ ಅದು ಕಡಿಮೆಯಾಗುತ್ತೆ. ದಪ್ಪ ಕಂಬದ ಇನ್ನೊಂದು ಲಾಭ ಏನಂದ್ರೆ ಕಣ್ಣು ಸ್ವಲ್ಪ ಆಚೀಚೆ ಸರಿದರೂ ಚಿತ್ರ ಕಪ್ಪಾಗೋದಿಲ್ಲ.

ಟ್ವಿಲೈಟ್ ಫ್ಯಾಕ್ಟರನ್ನು ಕಣ್ಣೆತ್ತಿಯೂ ನೋಡಬೇಡಿ. ಪವರ್ ಮತ್ತು ವ್ಯಾಸ ಗುಣಿಸಿ ವರ್ಗಮೂಲ ತೆಗೆದ ಅಂಕಿ ಅದು. 8×42ಕ್ಕೆ 18.3 ಬರುತ್ತೆ. 20×20 ಅನ್ನುವ ಬೈನಾಕ್ಯುಲರ್ ಮಾಡಿದರೆ 20 ಬರುತ್ತೆ, ಅದರ ಎಕ್ಸಿಟ್ ಪ್ಯೂಪಿಲ್ ಬರೀ 1 ಮಿ.ಮೀ. ಸಂಜೆ ಅದರಲ್ಲಿ ಏನೂ ಕಾಣದು.

ಕೆಂಬೂತ:

ಗಾಜು ಮತ್ತು ಕೋಟಿಂಗ್ ವಿಷಯ ನಾನು ಹೇಳ್ತೀನಿ.

ಕೋಟಿಂಗ್ ಇಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಸುಮಾರು 4% ಬೆಳಕು ಹಿಂದಕ್ಕೆ ಹೋಗುತ್ತೆ. ಒಂದು ಕೊಳವೆಯಲ್ಲಿ ಗಾಳಿಗೆ ತೆರೆದ ಮೇಲ್ಮೈ 10 ಇದ್ದರೆ ಕೊನೆಗೆ ಉಳಿಯೋದು ಮೂರರಲ್ಲಿ ಎರಡು ಪಾಲು. ಒಳ್ಳೆಯ ಮಲ್ಟಿಕೋಟಿಂಗ್ ಆ ನಷ್ಟವನ್ನು ಅರ್ಧ ಶೇಕಡಾಕ್ಕೆ ಇಳಿಸುತ್ತೆ, ಆಗ ಅದೇ 10 ಮೇಲ್ಮೈ ದಾಟಿ ಸುಮಾರು 95% ಉಳಿಯುತ್ತೆ. ಹಿಂದಕ್ಕೆ ಹೋದ ಬೆಳಕು ಒಳಗೇ ಅಲೆದಾಡಿ ಚಿತ್ರವನ್ನು ತೆಳ್ಳಗೆ ಬೆಳ್ಳಗೆ ಮಾಡುತ್ತೆ, ಅದು ಇನ್ನೂ ಕೆಟ್ಟದ್ದು. ಪದಗಳನ್ನು ಅಕ್ಷರಶಃ ಓದಿ: 'ಕೋಟೆಡ್' ಅಂದರೆ ಎಲ್ಲೋ ಒಂದು ಮೇಲ್ಮೈಗೆ ಒಂದು ಪದರ. 'ಫುಲಿ ಕೋಟೆಡ್' ಅಂದರೆ ಎಲ್ಲಕ್ಕೂ ಒಂದೊಂದು ಪದರ. 'ಮಲ್ಟಿಕೋಟೆಡ್' ಅಂದರೆ ಕೆಲವಕ್ಕೆ ಹಲವು ಪದರ. 'ಫುಲಿ ಮಲ್ಟಿಕೋಟೆಡ್' ಒಂದೇ ನಿಮಗೆ ಬೇಕಾದ್ದು.

ಪರೀಕ್ಷೆಯೂ ಇದೆ. ಮುಂದಿನ ಗಾಜಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬಗಳನ್ನು ನೋಡಿ. ಹಸಿರು, ನೇರಳೆ, ತುಸು ಹಳದಿಯ ಮಂಕು ಬಿಂಬಗಳು ಇದ್ದರೆ ಸರಿ. ನಡುವೆ ಒಂದು ಬಿಂಬ ಪ್ರಖರ ಬಿಳಿಯಾಗಿ ಹೊಳೆದರೆ ಆ ಮೇಲ್ಮೈಗೆ ಕೋಟಿಂಗೇ ಇಲ್ಲ. ಮಾಣಿಕ್ಯದ ಹಾಗೆ ಕೆಂಪಗೆ ಮಿಂಚುವ ಗಾಜಿನ ಹತ್ತಿರ ಹೋಗಬೇಡಿ: ಕೆಂಪು ಬೆಳಕನ್ನು ಹೊರಗೇ ತಳ್ಳಿಬಿಡುತ್ತೆ, ಒಳಗಿನ ಚಿತ್ರ ನೀಲಿ-ಹಸಿರಾಗಿ ಕಾಣುತ್ತೆ, ಹಕ್ಕಿಯ ಬಣ್ಣವೇ ತಪ್ಪುತ್ತೆ.

ಪ್ರಿಸಂ ವಿಷಯದಲ್ಲಿ ರೂಫಿಗೂ ಪೊರೊಗೂ ಒಂದೇ ಪ್ರಶ್ನೆ ಕೇಳಬಾರದು. ಪೊರೊದಲ್ಲಿ ಎಲ್ಲ ಪ್ರತಿಫಲನವೂ ಪೂರ್ಣ ಆಂತರಿಕ ಪ್ರತಿಫಲನ, ಕನ್ನಡಿ ಲೇಪ ಬೇಡ. ಅಲ್ಲಿ ಗಾಜಿನ ಬಗೆ ಮುಖ್ಯ. ಬಿಕೆ-7ರ ವಕ್ರೀಭವನ ಸೂಚ್ಯಂಕ 1.517, ಬ್ಯಾಕ್-4ರದ್ದು 1.569. ಬಿಕೆ-7ರಲ್ಲಿ ಅಂಚಿನ ಕಿರಣಗಳು ಸೋರಿಹೋಗಿ ಎಕ್ಸಿಟ್ ಪ್ಯೂಪಿಲ್ ದುಂಡಗೆ ಇರದೆ ಮೂಲೆಗಳು ಬೂದಾದ ಚೌಕದ ಹಾಗೆ ಕಾಣುತ್ತೆ. ತೋಳಿನುದ್ದ ದೂರ ಹಿಡಿದು ಐಪೀಸಿನಲ್ಲಿ ತೇಲುವ ಬೆಳಕಿನ ಬಿಲ್ಲೆಯನ್ನು ನೋಡಿದರೆ ಸಾಕು.

ರೂಫಿನಲ್ಲಿ ಸಾಮಾನ್ಯವಾಗಿ ಇರೋದು ಶ್ಮಿಟ್-ಪೆಚಾನ್ ಪ್ರಿಸಂ. ಇದರ ಒಂದು ಮೇಲ್ಮೈ ತಾನಾಗಿ ಪ್ರತಿಫಲಿಸದು, ಕನ್ನಡಿ ಲೇಪ ಬೇಕು. ಅಲ್ಯೂಮಿನಿಯಂ ಲೇಪ ಹತ್ತರಲ್ಲಿ ಒಂದು ಪಾಲಿನಷ್ಟು ಬೆಳಕು ನುಂಗುತ್ತೆ, ಬೆಳ್ಳಿ ಅದಕ್ಕಿಂತ ಕಡಿಮೆ, ಡೈಎಲೆಕ್ಟ್ರಿಕ್ ಲೇಪ 99%ಗಿಂತ ಹೆಚ್ಚನ್ನು ಹಿಂತಿರುಗಿಸುತ್ತೆ. ಜೊತೆಗೆ ಪ್ರಿಸಂನ ಛಾವಣಿಯಂಥ ಎರಡು ಮುಖಗಳಿಂದ ಬಂದ ಕಿರಣಗಳ ಅಲೆಯ ಹಂತ (ಫೇಸ್) ಹೊಂದದೆ ಚೂಪು ಕೆಡುತ್ತೆ, ಅದನ್ನು ತಿದ್ದೋದು ಫೇಸ್ ಕೋಟಿಂಗ್. ಝೈಸ್ 1988ರಲ್ಲಿ ತಂದದ್ದು, ಈಗ ಮಧ್ಯಮ ದರ್ಜೆಯಲ್ಲೂ ಸಿಗುತ್ತೆ. ರೂಫ್ ತಗೊಳ್ಳೋದಾದರೆ ಈ ಪದ ಪಟ್ಟಿಯಲ್ಲಿ ಇರಲೇಬೇಕು. ಪೊರೊಗೆ ಬೇಕಾಗಿಲ್ಲ, ಅಲ್ಲಿ ಬರೆದಿಲ್ಲ ಅಂತ ಬೇಸರ ಬೇಡ.

ಹಾಗಾಗಿ ಕೆಳಗಿನ ದರ್ಜೆಯಲ್ಲಿ ಒಂದೇ ಹಣಕ್ಕೆ ಪೊರೊ ಚಿತ್ರ ರೂಫಿಗಿಂತ ಚೆನ್ನಾಗಿರುತ್ತೆ. ಅದರ ದೌರ್ಬಲ್ಯ ಬೇರೆ ಕಡೆ: ತೂಕ, ಗಾತ್ರ, ಹತ್ತಿರದ ಫೋಕಸ್ 5–7 ಮೀಟರಿಗೇ ನಿಲ್ಲೋದು, ಕೆಳಗೆ ಬಿದ್ದರೆ ಪ್ರಿಸಂ ಬೇಗ ಸರಿಯೋದು.

ನೀರುಕಾಗೆ:

10×42 ಅನ್ನು ಇಷ್ಟು ಬೇಗ ತಳ್ಳಿಹಾಕಬೇಡಿ. ತೆರೆದ ನೀರಿನ ಮೇಲೆ 150 ಮೀಟರ್ ಆಚೆ ಇರುವ ಬಾತುಗಳ, ಕೆಸರಿನಲ್ಲಿ ಓಡಾಡುವ ಗದ್ದೆಗೊರವಗಳ ಕೊಕ್ಕು ಕಾಲಿನ ಬಣ್ಣ ಗುರುತಿಸೋಕೆ 8ರ ಮೇಲಿನ ಆ ಹೆಚ್ಚಿನ ಪವರ್ ನಿಜಕ್ಕೂ ಬೇಕು. ಅಲ್ಲಿ ಹಕ್ಕಿ ನಿಧಾನ, ಬೆಳಕು ಧಾರಾಳ, ಮೊಣಕೈ ಊರಲು ಕಟ್ಟೆಯೋ ಬೇಲಿಯೋ ಇರುತ್ತೆ. ಮೇಲೆ ಹೇಳಿದ ನಾಲ್ಕರಲ್ಲಿ ಮೂರು ಕೊರತೆಗೆ ಅಲ್ಲಿ ಬೆಲೆಯೇ ಇಲ್ಲ.

ಮಿಂಚುಳ್ಳಿ:

ಒಪ್ಪಿದೆ. ಬಳಕೆಯ ಹೆಚ್ಚಿನ ಪಾಲು ಕೆರೆದಂಡೆ ಆಗಿದ್ದರೆ ನಾನೂ 10×42 ಅಂತಲೇ ಹೇಳ್ತಿದ್ದೆ. ಆದರೆ ಇವರು ಕೇಳಿರೋದು ಮರಗಳ ನಡುವೆ, ನಸುಕಿನಲ್ಲಿ, ಕನ್ನಡಕದ ಮೇಲೆ. ಕನ್ನಡಕ ಇದ್ದಾಗ ಐಕಪ್ ಹುಬ್ಬಿಗೆ ಊರಿ ನಿಲ್ಲೋದಿಲ್ಲ, ನಡುಕ ಇನ್ನೂ ಹೆಚ್ಚು. ನನ್ನ ಮತ 8×42ಕ್ಕೇ.

ಗೀಜಗ:

ತುಂಬಾ ಉಪಕಾರ. 10×50ರ ಐ ರಿಲೀಫ್ ನೋಡಿದೆ, 12ಕ್ಕಿಂತ ಕಡಿಮೆ ಇದೆ, ಅದನ್ನು ಬಿಟ್ಟೆ. ಈಗ 8×42ರಲ್ಲಿ ಎರಡು ಮಾದರಿ ಉಳಿದಿವೆ, ಎರಡರಲ್ಲೂ ಬರೆದಿರೋದು ಹೆಚ್ಚುಕಡಿಮೆ ಒಂದೇ. ಕೈಗೆ ಬಂದ ಮೇಲೆ ವಾಪಸ್ ಕೊಡುವ ಅವಧಿಯೊಳಗೆ ಏನೇನು ಪರೀಕ್ಷೆ ಮಾಡಲಿ? ಹಾಗೇ 10ರಿಂದ 30ರವರೆಗೆ ಜೂಮ್ ಇರುವ ಬೈನಾಕ್ಯುಲರ್ ಇದ್ದರೆ ಮರಕ್ಕೂ ಕೆರೆಗೂ ಒಂದೇ ಸಾಕಲ್ವಾ?

ಮರಕುಟಿಗ:

ಜೂಮ್ ಬೇಡವೇ ಬೇಡ. ಎರಡು ಕೊಳವೆಯ ಜೂಮ್ ಒಂದೇ ಹೆಜ್ಜೆಯಲ್ಲಿ ಸಾಗಬೇಕು, ಸ್ವಲ್ಪ ಏರುಪೇರಾದರೂ ಎರಡು ಕಣ್ಣಿಗೆ ಎರಡು ಗಾತ್ರದ ಚಿತ್ರ. ಕಡಿಮೆ ಪವರ್‌ನಲ್ಲೂ ಫೀಲ್ಡ್ ಕಿರಿದು. 30×ನಲ್ಲಿ 50 ಮಿ.ಮೀ. ಗಾಜಿದ್ದರೂ ಎಕ್ಸಿಟ್ ಪ್ಯೂಪಿಲ್ 1.7 ಮಾತ್ರ, ಕೈಯಲ್ಲಿ ಹಿಡಿಯುವ ಮಾತಂತೂ ದೂರ.

ಪರೀಕ್ಷೆಗಳಲ್ಲಿ ಮೊದಲನೆಯದು ಕೊಲಿಮೇಶನ್, ಅಂದರೆ ಎರಡು ಕೊಳವೆ ಒಂದೇ ಕಡೆ ನೋಡುತ್ತಿವೆಯಾ ಅನ್ನೋದು. ದೂರದ ಕಟ್ಟಡದ ಮೇಲಂಚೋ ಕರೆಂಟು ತಂತಿಯೋ, ಅಡ್ಡಕ್ಕಿರುವ ನೇರ ಗೆರೆ ಒಂದನ್ನು ಫೋಕಸ್ ಮಾಡಿ. ಈಗ ಗೆರೆ ನೋಡ್ತಾನೇ ಬೈನಾಕ್ಯುಲರನ್ನು ಕಣ್ಣಿನಿಂದ ನಿಧಾನವಾಗಿ 10–15 ಸೆಂ.ಮೀ. ಮುಂದಕ್ಕೆ ಒಯ್ಯಿರಿ. ಎರಡು ಐಪೀಸುಗಳಲ್ಲೂ ಗೆರೆ ಒಂದೇ ಎತ್ತರದಲ್ಲಿ ಮುಂದುವರಿಯಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಮುರಿದುಕೊಂಡರೆ ಅದೇ ದಿನ ವಾಪಸ್ ಕಳಿಸಿ. ಮೇಲೆ-ಕೆಳಗಿನ ವ್ಯತ್ಯಾಸವನ್ನು ಕಣ್ಣು ಸಹಿಸೋದಿಲ್ಲ. ಸಣ್ಣದಿದ್ದರೆ ಮಿದುಳು ಹೇಗೋ ಜೋಡಿಸಿಕೊಳ್ಳುತ್ತೆ, ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತೆ, ಜನ ಪವರ್ ಮೇಲೋ ಕನ್ನಡಕದ ಮೇಲೋ ತಪ್ಪು ಹೊರಿಸ್ತಾರೆ.

ಎರಡನೆಯದು ಮುಂದಿನ ಗಾಜಿನ ನಿಜವಾದ ವ್ಯಾಸ. ಕತ್ತಲ ಕೋಣೆಯಲ್ಲಿ ಫೋಕಸನ್ನು ಅನಂತಕ್ಕೆ ಇಟ್ಟು, ಮೊಬೈಲ್ ಟಾರ್ಚನ್ನು ಐಪೀಸಿನಿಂದ ಒಂದು ಗೇಣು ಹಿಂದೆ ನೇರಕ್ಕೆ ಹಿಡಿಯಿರಿ. ಮುಂದಿನ ಗಾಜಿನ ಎದುರಿಗೇ ಹಾಳೆ ಇಟ್ಟು ಬೆಳಕಿನ ವೃತ್ತ ಅಳೆಯಿರಿ. 42 ಅಂದಲ್ಲಿ 41–42 ಬಂದರೆ ಸರಿ. 37–38 ಬಂತೋ, ಒಳಗೆ ಎಲ್ಲೋ ಬಳೆಯೋ ಸಣ್ಣ ಪ್ರಿಸಮ್ಮೋ ದಾರಿ ಕಿರಿದು ಮಾಡಿದೆ. ನೀವು ತೂಕ ಹೊರುವುದು 42ರದ್ದು, ಬೆಳಕು ಪಡೆಯುವುದು 38ರದ್ದು.

ಇನ್ನು ಫೋಕಸ್ ಚಕ್ರ. ಹತ್ತಿರದಿಂದ ಅನಂತಕ್ಕೆ ಒಂದರಿಂದ ಒಂದೂವರೆ ಸುತ್ತು ಹಿತ. ದಿಕ್ಕು ಬದಲಿಸಿದಾಗ ಚಿತ್ರ ಅಲುಗಾಡದೆ ಚಕ್ರ ಮಾತ್ರ ತುಸು ಖಾಲಿ ತಿರುಗಿದರೆ ಅದು ಸಡಿಲು, ಕಾಲ ಕಳೆದಂತೆ ಹೆಚ್ಚುತ್ತೆ. ಎರಡು ಕಣ್ಣಿನ ಅಂತರಕ್ಕೆ ಮಡಚುವ ವ್ಯಾಪ್ತಿ ಸಾಮಾನ್ಯವಾಗಿ 56ರಿಂದ 72 ಮಿ.ಮೀ. ಇರುತ್ತೆ, ಕಿರಿದು ಮುಖದವರು, ಮಕ್ಕಳು ಕೆಳಗಿನ ಅಂಕಿ ಪರೀಕ್ಷಿಸಲೇಬೇಕು. ಕೊನೆಗೆ ಬೆಳಗಿದ ಬೀದಿದೀಪದ ಪಕ್ಕದ ಕತ್ತಲನ್ನು ನೋಡಿ. ದೀಪ ಫೀಲ್ಡಿನ ಹೊರಗೆ ಇದ್ದಾಗಲೂ ಚಿತ್ರದೊಳಗೆ ಬೆಳಕಿನ ಪೊರೆ ಹರಡಿದರೆ ಒಳಗೋಡೆಗೆ ಸರಿಯಾಗಿ ಕಪ್ಪು ಬಳಿದಿಲ್ಲ. ಬೆಳಗಿನ ಸೂರ್ಯನ ಪಕ್ಕದ ಹಕ್ಕಿ ನೋಡುವಾಗ ಅದೇ ಕಾಡೋದು. ಸೂರ್ಯನ ಕಡೆಗೇ ತಿರುಗಿಸಿ ಪರೀಕ್ಷೆ ಮಾಡಬೇಡಿ, ಕ್ಷಣದಲ್ಲಿ ಕಣ್ಣು ಹೋಗುತ್ತೆ.

ನೀರುಕಾಗೆ:

ನೀರಿನ ಬಗ್ಗೆ ಒಂದು ಮಾತು. ಐಪಿಎಕ್ಸ್-7 ಅನ್ನುವ ನೀರಿನ ರಕ್ಷಣೆಯ ದರ್ಜೆ ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಾಳಬೇಕು. ಜೊತೆಗೆ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿದ್ದರೆ ಒಳಗಡೆ ಮಂಜು ಕಟ್ಟೋದಿಲ್ಲ; ಹೊರಗಿನ ಗಾಜಿಗೆ ಮಂಜು ಕಟ್ಟೇ ಕಟ್ಟುತ್ತೆ, 'ಫಾಗ್‌ಪ್ರೂಫ್' ಅನ್ನೋದು ಅದಕ್ಕೆ ಅನ್ವಯಿಸದು. ತೇವದ ಕಾಲದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ಗಾಜಿಗೆ ಬೂಷ್ಟು ಹತ್ತುತ್ತೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಒರೆಸುವ ಮುಂಚೆ ಬ್ಲೋವರ್‌ನಿಂದ ದೂಳು ಊದಿ, ಆಮೇಲೆ ಬ್ರಷ್, ಕೊನೆಗೆ ಗಾಜು ಒರೆಸುವ ದ್ರವವನ್ನು ಬಟ್ಟೆಗೆ ಹಾಕಿ ಒರೆಸಿ. ಅಂಗಿಯ ತುದಿಯಿಂದ ಒಣ ಗಾಜು ಉಜ್ಜಿದರೆ ಕೋಟಿಂಗ್ ಗೀರುಬೀಳುತ್ತೆ.

ಕೆಂಬೂತ:

ಡಯಾಪ್ಟರ್ (ಎರಡು ಕಣ್ಣಿನ ಪವರ್ ವ್ಯತ್ಯಾಸ ಸರಿದೂಗಿಸುವ ಉಂಗುರ) ಹೊಂದಿಸಿಕೊಳ್ಳದೆ ಎರಡು ಮಾದರಿಯನ್ನು ಹೋಲಿಸಬೇಡಿ, ಹೋಲಿಕೆಯೇ ಸುಳ್ಳಾಗುತ್ತೆ. ಕನ್ನಡಕ ಹಾಕಿ, ಐಕಪ್ ಒಳಗೆ ತಿರುಗಿಸಿ, ಎರಡು ವೃತ್ತ ಒಂದಾಗುವವರೆಗೆ ಮಡಚಿ. 30–40 ಮೀಟರ್ ದೂರದಲ್ಲಿ ಅಕ್ಷರ ಇರುವ ಫಲಕವನ್ನು ಹಿಡಿಯಿರಿ. ಬಲಗಡೆಯ ಮುಂದಿನ ಗಾಜನ್ನು ಕೈಯಿಂದ ಮುಚ್ಚಿ, ಎರಡೂ ಕಣ್ಣು ತೆರೆದಿಟ್ಟೇ, ನಡುವಿನ ಚಕ್ರದಿಂದ ಎಡಗಣ್ಣಿಗೆ ಚೂಪು ಮಾಡಿ. ಆಮೇಲೆ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲ ಐಪೀಸಿನ ಉಂಗುರದಿಂದ ಬಲಗಣ್ಣಿಗೆ ಚೂಪು ಮಾಡಿ. ಒಂದು ಕಣ್ಣು ಮುಚ್ಚಿ ಹೊಂದಿಸಿದರೆ ಆ ಕಡೆಯ ಸ್ನಾಯು ಬಿಗಿದು ಅಳತೆ ತಪ್ಪುತ್ತೆ, ಅದಕ್ಕೇ ಮುಚ್ಚಬೇಕಾದ್ದು ಗಾಜನ್ನು. ಕನ್ನಡಕದ ಪವರ್ ಸರಿ ಇದ್ದರೆ ಉಂಗುರ ಸೊನ್ನೆಯ ಹತ್ತಿರ ನಿಲ್ಲಬೇಕು. ±3ರ ಕೊನೆಗೆ ಹೋಗಿ ನಿಂತರೆ ಒಂದೋ ಕನ್ನಡಕ ಬದಲಾಗಬೇಕು, ಇಲ್ಲ ಬೈನಾಕ್ಯುಲರ್‌ನ ಒಂದು ಕೊಳವೆಯ ಜೋಡಣೆ ಸರಿ ಇಲ್ಲ. ಎರಡನೇ ಮಾದರಿಯಲ್ಲೂ ಹಾಗೇ ಬರುತ್ತಾ ನೋಡಿದರೆ ಯಾವುದು ಅಂತ ತಿಳಿಯುತ್ತೆ. ನಿಂತ ಜಾಗವನ್ನು ಬರೆದಿಟ್ಟುಕೊಳ್ಳಿ, ಉಂಗುರಕ್ಕೆ ಲಾಕ್ ಇದ್ದರೆ ಹಾಕಿಬಿಡಿ.